ಮಗಳು ಕೆಲಸ ಕಲಿತ ವರ್ಷ

ಅಕ್ಕಂದಿರೆ, ಇದು ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕನ ಮನೆಯ ಕಥೆ. ಅವರು ತುಮಕೂರಿನ ಹತ್ತಿರದ ಹಳ್ಳಿಯವರು. ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಾರೆ. "ನನ್ನ ಹೆಸರು ಬರೀಬೇಡಿ ಟೀಚರ್, ಕಥೆ ಮಾತ್ರ ಬರೀರಿ" ಅಂದರು. ಹಾಗೇ ಬರೆದಿದ್ದೇನೆ.

ಅಕ್ಕನಿಗೆ ಒಬ್ಬಳೇ ಮಗಳು. ಎಸ್ಸೆಸ್ಸೆಲ್ಸಿ ಪಾಸಾದಳು. ಆಮೇಲೆ ಐಟಿಐ ಸೇರಿದಳು. ಅಲ್ಲಿ ಒಂದು ವರ್ಷ ಕಂಪ್ಯೂಟರ್ ಕಲಿತಳು. 2023ರಲ್ಲಿ ತುಮಕೂರಿನ ಒಂದು ಕಂಪ್ಯೂಟರ್ ಕಂಪನಿ ಅವಳನ್ನು ಅಪ್ರೆಂಟಿಸ್ ಆಗಿ ಕರೆಯಿತು.

ಅಪ್ರೆಂಟಿಸ್ ಎಂದರೆ ಯಾರು? ಕೆಲಸ ಮಾಡುತ್ತಾ ಕೆಲಸ ಕಲಿಯುವವರು. ಬಡಗಿಯ ಹತ್ತಿರ ಹುಡುಗರು ಕೆಲಸ ಕಲಿಯುವುದಿಲ್ಲವೆ? ಹಾಗೆಯೇ ಇದು. ಆದರೆ ಇದಕ್ಕೆ ಕಾನೂನು ಇದೆ. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ಕಲಿಯುವವರಿಗೂ ಕಲಿಸುವ ಕಂಪನಿಗೂ ನಡುವೆ ಕರಾರು ಪತ್ರ ಆಗಬೇಕು. ಕಲಿಯುವವರಿಗೆ 18 ವರ್ಷ ತುಂಬಿಲ್ಲದಿದ್ದರೆ ಪೋಷಕರು ಸಹಿ ಹಾಕಬೇಕು. ಕಲಿಯುವ ಕಾಲದಲ್ಲಿ ತಿಂಗಳು ತಿಂಗಳು ಹಣ ಕೊಡಬೇಕು. ಇದಕ್ಕೆ ಶಿಷ್ಯವೇತನ ಎನ್ನುತ್ತಾರೆ. 2019ರ ನಿಯಮದಲ್ಲಿ ಓದಿಗೆ ತಕ್ಕಂತೆ ತಿಂಗಳಿಗೆ ಕನಿಷ್ಠ 5,000 ರೂಪಾಯಿಯಿಂದ 9,000 ರೂಪಾಯಿವರೆಗೆ ಗೊತ್ತುಮಾಡಿದರು. ಇದಕ್ಕಿಂತ ಹೆಚ್ಚು ಕೊಡಬಹುದು. ಕಡಿಮೆ ಕೊಡುವಂತಿಲ್ಲ.

ಮಗಳಿಗೆ ಆಗ 17 ವರ್ಷ. ಅಕ್ಕನೇ ಸಹಿ ಹಾಕಬೇಕಾಯಿತು.

ಕಚೇರಿಯಲ್ಲಿ ಗುಮಾಸ್ತರು ಶಾಯಿ ಪ್ಯಾಡು ಮುಂದಿಟ್ಟರು. "ಇಲ್ಲಿ ಹೆಬ್ಬೆಟ್ಟು ಒತ್ತಿಬಿಡಿ ಅಮ್ಮಾ" ಅಂದರು.

"ನಾನು ಸಹಿ ಹಾಕ್ತೀನಿ ಸಾರ್. ಮೊದಲು ಇದರಲ್ಲಿ ಏನಿದೆ ಅಂತ ತಿಳೀಬೇಕು" ಅಂದರು ಅಕ್ಕ.

ಪತ್ರ ಇಂಗ್ಲಿಷಿನಲ್ಲಿತ್ತು. ಮಗಳು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಅಂಕಿಗಳನ್ನು ಅಕ್ಕ ತಾವೇ ಓದಿದರು. ಶುರುವಾಗುವ ತಾರೀಕು ಇತ್ತು. ಮುಗಿಯುವ ತಾರೀಕು ಇತ್ತು. ಹಣದ ಜಾಗ ಮಾತ್ರ ಖಾಲಿ ಇತ್ತು.

"ಇಲ್ಲಿ ಯಾಕೆ ಸಾರ್ ಖಾಲಿ?"

"ಆಮೇಲೆ ತುಂಬ್ತೀವಿ ಬಿಡಿ ಅಮ್ಮಾ."

"ಹಂಗಾದ್ರೆ ನಾನೂ ಆಮೇಲೇ ಸಹಿ ಹಾಕ್ತೀನಿ ಸಾರ್."

ಗುಮಾಸ್ತರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಒಳಗೆ ಹೋಗಿ ಬಂದರು. 8,000 ಎಂದು ಬರೆದರು. ಅಕ್ಕ ನಿಧಾನವಾಗಿ ತಮ್ಮ ಹೆಸರು ಬರೆದರು. ಪತ್ರದ ಒಂದು ಪ್ರತಿಯನ್ನೂ ಕೇಳಿ ತಂದರು. ಅದು ಈಗಲೂ ಅವರ ಟ್ರಂಕಿನಲ್ಲಿದೆ.

ಮಗಳು ಅಲ್ಲಿ ಏನು ಕಲಿತಳು? ಮೊದಲ ವಾರ ಅವಳಿಗೆ ಭಯ. ಎಲ್ಲರೂ ಇಂಗ್ಲಿಷ್ ಮಾತು. "ನಾನು ಹೋಗಲ್ಲ ಅಮ್ಮ" ಎಂದು ಅತ್ತಳು. ಅಕ್ಕ ಬಯ್ಯಲಿಲ್ಲ. "ಅಡಿಕೆ ಸುಲಿಯೋಕೆ ಕೂತ ಮೊದಲ ದಿನ ನನ್ನ ಬೆರಳೂ ಕುಯ್ದಿತ್ತು ಕಣಮ್ಮ. ಎರಡು ವಾರ ನೋಡು" ಅಂದರು.

ಮೊದಲು ಅವಳಿಗೆ ಕೇಬಲ್ ಕೆಲಸ ಕೊಟ್ಟರು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾಹಿತಿ ಹೋಗಲು ಒಂದು ಬಗೆಯ ತಂತಿ ಬೇಕು. ಅದರ ಒಳಗೆ 8 ಸಣ್ಣ ಎಳೆಗಳು ಇರುತ್ತವೆ. ಕಿತ್ತಳೆ, ಹಸಿರು, ನೀಲಿ, ಕಂದು ಬಣ್ಣದವು ನಾಲ್ಕು. ಬಿಳಿಯ ಜೊತೆ ಆ ಬಣ್ಣ ಸೇರಿದವು ನಾಲ್ಕು. ಇವನ್ನು ಸರಿಯಾದ ಸಾಲಿನಲ್ಲಿ ಜೋಡಿಸಬೇಕು. ತುದಿಗೆ ಪಿನ್ನು ಹಾಕಿ ಇಕ್ಕಳದಿಂದ ಒತ್ತಬೇಕು. ಒಂದು ಎಳೆ ಹೆಚ್ಚುಕಡಿಮೆ ಆದರೂ ಕೇಬಲ್ ಕೆಲಸ ಮಾಡುವುದಿಲ್ಲ. ಮೊದಲ ದಿನ ಅವಳು ಮಾಡಿದ ಆರು ಕೇಬಲ್‌ಗಳೂ ಕೆಟ್ಟವು. ತಿಂಗಳು ಕಳೆಯುವ ಹೊತ್ತಿಗೆ ಕೈ ಪಳಗಿತು.

ಆಮೇಲೆ ಪ್ರಿಂಟರ್ ರಿಪೇರಿ ಕಲಿತಳು. ಹೊಸ ಕಂಪ್ಯೂಟರ್ ಕೂರಿಸುವುದು ಕಲಿತಳು. "ನನ್ನ ಕಂಪ್ಯೂಟರ್ ನಡೀತಿಲ್ಲ" ಎಂದು ಫೋನ್ ಮಾಡಿದವರಿಗೆ ಸಮಾಧಾನದಿಂದ ಉತ್ತರ ಹೇಳುವುದು ಕಲಿತಳು. ಇಂಗ್ಲಿಷ್ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ದಿನಕ್ಕೆ ಐದು ಪದ. ಅಕ್ಕನೂ ಪಕ್ಕದಲ್ಲಿ ಕೂತು ಕನ್ನಡ ಬರೆಯುತ್ತಿದ್ದರು.

ಐದನೇ ತಿಂಗಳಲ್ಲಿ ಒಂದು ತಪ್ಪಾಯಿತು. ಒಂದು ಹಳೆಯ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧ ಮಾಡಲು ಹೇಳಿದ್ದರು. ಪಕ್ಕಪಕ್ಕ ಎರಡು ಇದ್ದವು. ಅವಳು ಕೇಳಲಿಲ್ಲ. ಬೇರೆಯದನ್ನು ಅಳಿಸಿಬಿಟ್ಟಳು. ಅದರಲ್ಲಿ ಒಂದು ಅಂಗಡಿಯ ಲೆಕ್ಕವೆಲ್ಲ ಇತ್ತು.

ಅವಳಿಗೆ ಕೈಕಾಲು ನಡುಗಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು ಎಂದು ಒಂದು ಕ್ಷಣ ಅನ್ನಿಸಿತು. ಆದರೂ ಎದ್ದು ಹೋಗಿ ಹಿರಿಯ ಮೇಡಂಗೆ ಹೇಳಿದಳು. "ಮೇಡಂ, ನನ್ನಿಂದ ತಪ್ಪಾಗಿದೆ."

ಮೇಡಂ ಹಿಂದಿನ ದಿನ ಸಂಜೆಯೇ ಆ ಲೆಕ್ಕದ ಪ್ರತಿ ತೆಗೆದು ಬೇರೆ ಕಡೆ ಇಟ್ಟಿದ್ದರು. ಇದಕ್ಕೆ ಬ್ಯಾಕಪ್ ಎನ್ನುತ್ತಾರೆ. ಅದರಿಂದ ಎಲ್ಲವೂ ವಾಪಸ್ ಬಂತು. ಆ ದಿನದ ಬೆಳಗಿನ ಲೆಕ್ಕ ಮಾತ್ರ ಹೋಗಿತ್ತು. ಅದನ್ನು ಬಿಲ್ಲು ನೋಡಿ ಮತ್ತೆ ತುಂಬಿದರು. ಮೇಡಂ ಬಯ್ದರು. ಬಯ್ದ ಮೇಲೆ, "ತಕ್ಷಣ ಬಂದು ಹೇಳಿದೆಯಲ್ಲ, ಅದು ಒಳ್ಳೇದಾಯ್ತು. ಇವತ್ತಿನಿಂದ ಬ್ಯಾಕಪ್ ತೆಗೆಯೋ ಕೆಲಸ ನಿಂದೇ" ಅಂದರು.

ಅಕ್ಕಂದಿರೆ, ಬ್ಯಾಕಪ್ ನಮಗೆ ಹೊಸದಲ್ಲ. ಬಿತ್ತನೆಯ ರಾಗಿಯನ್ನು ನಾವು ಒಂದೇ ಕಡೆ ಇಡುವುದಿಲ್ಲ. ಒಂದು ಪಾಲು ಮನೆಯಲ್ಲಿ, ಒಂದು ಪಾಲು ತವರಿನಲ್ಲಿ. ಒಂದಕ್ಕೆ ಹುಳ ಬಿದ್ದರೂ ಇನ್ನೊಂದು ಉಳಿಯುತ್ತದೆ. ಕಂಪ್ಯೂಟರ್ ಬಲ್ಲವರೂ ಇದನ್ನೇ ಹೇಳುತ್ತಾರೆ. ಮುಖ್ಯ ಮಾಹಿತಿಗೆ 3 ಪ್ರತಿ ಇರಲಿ. 2 ಬಗೆಯ ಸಾಧನದಲ್ಲಿ ಇರಲಿ. 1 ಪ್ರತಿ ಬೇರೆ ಊರಲ್ಲೋ ಬೇರೆ ಕಟ್ಟಡದಲ್ಲೋ ಇರಲಿ.

ಒಂದು ವರ್ಷ ಮುಗಿಯಿತು. ಅದೇ ಕಂಪನಿಯಲ್ಲಿ ಕೆಲಸ ಸಿಕ್ಕಿತೆ? ಇಲ್ಲ. ಕಲಿತ ಮೇಲೆ ಕೆಲಸ ಕೊಡಲೇಬೇಕು ಎಂದು ಕರಾರಿನಲ್ಲಿ ಬರೆದಿರಲಿಲ್ಲ. ಮಗಳಿಗೆ ಬೇಸರವಾಯಿತು. ಆದರೆ ಕಲಿತ ವಿದ್ಯೆಯನ್ನು ಯಾರೂ ವಾಪಸ್ ಕೇಳುವುದಿಲ್ಲ. ಪರೀಕ್ಷೆ ಬರೆದು ಅಪ್ರೆಂಟಿಸ್ ಪ್ರಮಾಣಪತ್ರ ಪಡೆದಳು. ಮೂರು ತಿಂಗಳು ಮನೆಯಲ್ಲಿ ಇದ್ದಳು. ಅಮ್ಮನ ಜೊತೆ ಅಡಿಕೆ ಸುಲಿಯಲೂ ಹೋದಳು. ಆಮೇಲೆ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಈ ಸಲ ಅವಳಿಗೆ 18 ತುಂಬಿತ್ತು. ಅವಳೇ ಸಹಿ ಹಾಕಿದಳು. ಹಾಕುವ ಮೊದಲು ಪೂರ್ತಿ ಓದಿದಳು. ಖಾಲಿ ಜಾಗ ಇದೆಯೇ ಎಂದು ನೋಡಿದಳು.

ನೆನಪಿಡಿ
1. ಓದದೆ, ಓದಿಸಿ ಕೇಳದೆ ಸಹಿ ಹಾಕಬೇಡಿ.
2. ಖಾಲಿ ಜಾಗ ಇರುವ ಪತ್ರಕ್ಕೆ ಸಹಿ ಬೇಡ.
3. ಒಂದು ಪ್ರತಿ ಕೇಳಿ ಪಡೆಯಿರಿ. ಜೋಪಾನವಾಗಿ ಇಡಿ.
4. ಗೊತ್ತಿಲ್ಲದಿದ್ದರೆ ಕೇಳಿ. ಕೇಳುವುದು ಅವಮಾನವಲ್ಲ.

ಹೊಸ ಪದಗಳು – ಓದಿ, ಬರೆಯಿರಿ
ಕರಾರು ಪತ್ರ, ಪೋಷಕರು, ಶಿಷ್ಯವೇತನ, ಮಾಹಿತಿ, ಪ್ರತಿ, ಪ್ರಮಾಣಪತ್ರ

ಉತ್ತರ ಹೇಳಿ
1. ಅಕ್ಕ ಯಾಕೆ ಕೂಡಲೇ ಸಹಿ ಹಾಕಲಿಲ್ಲ?
2. ಕೇಬಲ್ಲಿನ ಒಳಗೆ ಎಷ್ಟು ಎಳೆಗಳು ಇರುತ್ತವೆ?
3. ಮಗಳು ತನ್ನ ತಪ್ಪನ್ನು ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತು?

ಲೆಕ್ಕ ಮಾಡಿ
ತಿಂಗಳಿಗೆ 8,000 ರೂಪಾಯಿ. 12 ತಿಂಗಳಿಗೆ ಎಷ್ಟು?

ಮಾತಾಡಿಕೊಳ್ಳಿ
ನೀವು ಇದುವರೆಗೆ ಯಾವ ಯಾವ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದೀರಿ? ಅದರಲ್ಲಿ ಏನು ಬರೆದಿತ್ತು, ಗೊತ್ತೆ? ಅಂಥ ಪತ್ರ ಮನೆಯಲ್ಲಿದ್ದರೆ ನಾಳೆ ತನ್ನಿ. ಎಲ್ಲರೂ ಸೇರಿ ಓದೋಣ.