ದೀರ್ಘಕಾಲ ನಿಂತ ಕಾರಿನ ನಿಜವಾದ ಬೆಲೆ
ಎಂ.ಜಿ.ಬಿ. ಸ್ಪೋರ್ಟ್ಸ್ ಕಾರನ್ನು ಆಧರಿಸಿದ ಒಂದು ಅಧ್ಯಯನ

ಬಳಸಿದ ಯಂತ್ರಗಳನ್ನು ಕೊಂಡು ಮಾರುವ ವರ್ತಕರಿಗೆ ಒಂದು ಸಂಗತಿ ಅನುಭವದಿಂದ ತಿಳಿದಿರುತ್ತದೆ. ಓಡುತ್ತಿರುವ ಯಂತ್ರವು ತನ್ನ ದೋಷವನ್ನು ಸದ್ದಿನಿಂದಲೋ ಹೊಗೆಯಿಂದಲೋ ತಾನೇ ತೋರಿಸಿಕೊಡುತ್ತದೆ. ಹತ್ತಾರು ವರ್ಷ ಮೂಲೆಯಲ್ಲಿ ನಿಂತ ಯಂತ್ರವು ಏನನ್ನೂ ಹೇಳುವುದಿಲ್ಲ. ಮಾರುವವನಿಗೂ ಅದರ ಸ್ಥಿತಿ ಪೂರ್ಣವಾಗಿ ತಿಳಿದಿರುವುದಿಲ್ಲವಾದ್ದರಿಂದ, ಅವನ ಪ್ರಾಮಾಣಿಕತೆಯೂ ಕೊಳ್ಳುವವನಿಗೆ ಪೂರ್ತಿ ರಕ್ಷಣೆಯಾಗಲಾರದು. ಹಳೆಯ ಸ್ಪೋರ್ಟ್ಸ್ ಕಾರುಗಳ ವ್ಯಾಪಾರದಲ್ಲಿ ನಷ್ಟ ಅನುಭವಿಸಿದವರಲ್ಲಿ ಅನೇಕರು ಎಡವಿದ್ದು ಇಲ್ಲಿಯೇ.

ಈ ವ್ಯಾಪಾರದ ಒಳಹೊರಗನ್ನು ತಿಳಿಯಲು ಬ್ರಿಟನ್ನಿನ ಎಂ.ಜಿ.ಬಿ. ಕಾರಿಗಿಂತ ಅನುಕೂಲವಾದ ಉದಾಹರಣೆ ದೊರೆಯುವುದು ಕಷ್ಟ. ಆಕ್ಸ್‌ಫರ್ಡ್ ನಗರಕ್ಕೆ ಸಮೀಪದ ಆಬಿಂಗ್‌ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರುಗಳ ಒಟ್ಟು ಸಂಖ್ಯೆ 5 ಲಕ್ಷವನ್ನು ಮೀರುತ್ತದೆ. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ರಫ್ತಾದವು. ಎರಡು ಆಸನ, 1798 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್, ಸರಳ ರಚನೆ. ಶ್ರೀಮಂತರ ಆಟಿಕೆಗಿಂತ ಮಧ್ಯಮ ವರ್ಗದ ಯುವಕರ ವಾಹನವಾಗಿ ಇದು ಹೆಸರಾಯಿತು. ಒಡೆಯರು ಸಂಸಾರಸ್ಥರಾದ ಮೇಲೆ ಅಥವಾ ವಿಧಿವಶರಾದ ಮೇಲೆ ಇಂತಹ ಸಾವಿರಾರು ಕಾರುಗಳು ಗ್ಯಾರೇಜುಗಳಲ್ಲಿಯೂ ಹೊಲಮನೆಯ ಕೊಟ್ಟಿಗೆಗಳಲ್ಲಿಯೂ ಉಳಿದುಹೋದವು. ಇಂದಿಗೂ ಅವು ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ.

ಮೊದಲು ಲೆಕ್ಕ

ಸುಸ್ಥಿತಿಯಲ್ಲಿ ಓಡುತ್ತಿರುವ ಒಂದು ಕಾರಿನ ಮಾರುಕಟ್ಟೆ ಬೆಲೆಯನ್ನು 100 ಎಂದಿಟ್ಟುಕೊಳ್ಳೋಣ. ಹದಿನೈದು ವರ್ಷ ನಿಂತ ಅದೇ ಮಾದರಿಯ ಕಾರು 30ಕ್ಕೆ ದೊರೆಯಿತೆಂದರೆ, ಕೊಳ್ಳುವವನ ಮನಸ್ಸು ಉಳಿದ 70ನ್ನು ಲಾಭದ ಅವಕಾಶವೆಂದು ಎಣಿಸತೊಡಗುತ್ತದೆ. ವಾಸ್ತವದಲ್ಲಿ ಎಂಜಿನ್ ಮತ್ತು ಬ್ರೇಕಿನ ಕೆಲಸಕ್ಕೆ 20, ಟೈರು, ವೈರಿಂಗ್, ಆಸನಗಳಿಗೆ 15 ಹಿಡಿದರೂ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ತಗಡಿನ ಅಡಿಯಲ್ಲಿ ತುಕ್ಕು ಹರಡಿದ್ದರೆ, ಬೆಸುಗೆ, ಟಿಂಕರಿಂಗ್ ಮತ್ತು ಬಣ್ಣದ ಖರ್ಚೊಂದೇ 70ನ್ನು ದಾಟಬಹುದು. ಆಗ 135 ವೆಚ್ಚ ಮಾಡಿ 100ರ ಸರಕನ್ನು ಪಡೆದಂತಾಗುತ್ತದೆ. ಈ ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು ಮಾತ್ರ. ಆದರೂ ಖರ್ಚುಗಳ ಪರಸ್ಪರ ಪ್ರಮಾಣವನ್ನು ಲಕ್ಷಿಸಬೇಕು: ಜನರು ಅಂಜುವುದು ಎಂಜಿನ್ನಿಗೆ, ಹಣವನ್ನು ನುಂಗುವುದು ತಗಡು.

ಇದಕ್ಕೆ ಎಂ.ಜಿ.ಬಿ.ಯ ರಚನೆಯೇ ಕಾರಣ. ಅದರ ಹಿಂದಿನ ಮಾದರಿಯಾದ ಎಂ.ಜಿ.ಎ. ಕಾರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್ ಇತ್ತು. ಎಂ.ಜಿ.ಬಿ.ಗೆ ಅದಿಲ್ಲ, ತಗಡಿನ ಕವಚವೇ ಇಡೀ ಭಾರವನ್ನು ಹೊರುತ್ತದೆ. ತೆರೆದ ಕಾರಿಗೆ ಮೇಲ್ಛಾವಣಿಯ ಆಧಾರವೂ ಇಲ್ಲದಿರುವುದರಿಂದ, ಬಾಗಿಲುಗಳ ಕೆಳಗೆ ಮುಂದಿನಿಂದ ಹಿಂದಕ್ಕೆ ಸಾಗುವ ಸಿಲ್ ಎಂಬ ಪೆಟ್ಟಿಗೆಯಾಕಾರದ ಭಾಗವೇ ಅದರ ಬೆನ್ನೆಲುಬು. ಈ ಸಿಲ್ ಒಂದೇ ತಗಡಿನದಲ್ಲ. ಹೊರತಗಡು, ನಡುವಿನ ಪರದೆ, ಒಳಭಾಗ ಹೀಗೆ ಹಲವು ಪದರಗಳನ್ನು ಬೆಸೆದು ಮಾಡಿದ್ದು. ಮುಂದಿನ ಚಕ್ರ ಎರಚುವ ಕೆಸರು ಅದರೊಳಗೆ ಸೇರಿ, ತೇವ ಆರದೆ, ಒಳಗಿನಿಂದ ಹೊರಕ್ಕೆ ಕೊರೆಯುತ್ತದೆ. ಹೊರಗೆ ಬಣ್ಣದ ಮೇಲೆ ಒಂದು ಗುಳ್ಳೆ ಕಾಣಿಸಿಕೊಳ್ಳುವ ವೇಳೆಗೆ ಒಳಪದರವು ಕಾಗದದಷ್ಟು ತೆಳುವಾಗಿರುವುದು ಅಪರೂಪವಲ್ಲ.

ಪರೀಕ್ಷೆಗೆ ದುಬಾರಿ ಸಲಕರಣೆಗಳು ಬೇಕಿಲ್ಲ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಸಿಲ್ಲಿನ ಉದ್ದಕ್ಕೂ ಎಳೆದರೆ, ಪುಟ್ಟಿ ತುಂಬಿ ಬಣ್ಣ ಬಳಿದ ಜಾಗದಲ್ಲಿ ಅದು ಹಿಡಿಯುವುದಿಲ್ಲ. ಬಾಗಿಲಿನ ಹಿಂಬದಿಯ ಸಂದಿಯನ್ನು ನೋಡಬೇಕು. ಮೇಲ್ಭಾಗದಲ್ಲಿ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಕುಸಿದಿದೆ ಎಂದರ್ಥ. ಒಡೆಯರ ಅನುಮತಿ ಪಡೆದು, ಸಿಲ್ಲಿನ ಬಳಿ ನಿಗದಿಯಾದ ಸ್ಥಳದಲ್ಲಿ ಜ್ಯಾಕು ಕೊಟ್ಟು ಎತ್ತಿದಾಗ ಬಾಗಿಲು ಮೊದಲಿನಂತೆಯೇ ತೆರೆದು ಮುಚ್ಚಬೇಕು. ಸಿಕ್ಕಿಹಾಕಿಕೊಂಡರೆ, ಅಥವಾ ಜ್ಯಾಕು ತಗಡಿನೊಳಕ್ಕೇ ಇಳಿದರೆ, ಚೌಕಾಶಿಯ ಮಾತು ಅಲ್ಲಿಂದ ಬೇರೆಯೇ ಆಗಬೇಕು. ಹೊಸ ಬಣ್ಣದಿಂದ ಹೊಳೆಯುವ ಕಾರಿಗಿಂತ ಮಾಸಿದ ಮೂಲಬಣ್ಣದ ಕಾರು ಕೊಳ್ಳುವವನಿಗೆ ಹೆಚ್ಚು ಸುರಕ್ಷಿತವೆಂಬುದು ಇಲ್ಲಿ ವಿಚಿತ್ರವಾದರೂ ನಿಜ. ಕ್ಯಾಲಿಫೋರ್ನಿಯದ ಒಣಹವೆಯಲ್ಲಿ ಉಳಿದ ಕಾರುಗಳನ್ನು ಬ್ರಿಟನ್ನಿನ ವರ್ತಕರು ಮರಳಿ ತರಿಸಿಕೊಳ್ಳುವುದೂ ಈ ಕಾರಣದಿಂದಲೇ. ಸ್ಟಿಯರಿಂಗ್ ಎಡಕ್ಕಿದ್ದರೂ ತಗಡು ಗಟ್ಟಿಯಾಗಿರುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, 40 ವರ್ಷ ದಾಟಿದ ಮತ್ತು ಮೂಲರೂಪದಲ್ಲಿ ಗಣನೀಯ ಬದಲಾವಣೆಗೊಳಗಾಗದ ಕಾರುಗಳಿಗೆ ವಾರ್ಷಿಕ ಸುರಕ್ಷತಾ ತಪಾಸಣೆಯಿಂದ ವಿನಾಯಿತಿ ದೊರೆತಿದೆ. ಮಾರುವವರು ಇದನ್ನು ಒಂದು ಸೌಲಭ್ಯವೆಂದು ವರ್ಣಿಸುತ್ತಾರೆ. ಕೊಳ್ಳುವವನ ದೃಷ್ಟಿಯಲ್ಲಿ ಇದರ ಅರ್ಥ, ಎಷ್ಟೋ ವರ್ಷಗಳಿಂದ ಯಾವ ಪರೀಕ್ಷಕನೂ ಆ ಕಾರಿನ ಅಡಿಯನ್ನು ನೋಡಿಲ್ಲದಿರಬಹುದು ಎಂಬುದೇ ಆಗಿದೆ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಸಂಸ್ಥೆಯು ಕಾರ್ಖಾನೆಯ ದಾಖಲೆಗಳನ್ನು ಆಧರಿಸಿ, ಕಾರು ತಯಾರಾದ ದಿನ, ಮೂಲಬಣ್ಣ, ಎಂಜಿನ್ ಸಂಖ್ಯೆ ಮೊದಲಾದವುಗಳ ಪ್ರಮಾಣಪತ್ರ ನೀಡುತ್ತದೆ. ಅದನ್ನು ಕಾರಿನ ಮೇಲಿರುವ ಸಂಖ್ಯೆಗಳೊಡನೆ ಹೋಲಿಸಿ ನೋಡುವುದು ಅಲ್ಪ ಖರ್ಚಿನ ಕೆಲಸ.

ಆತುರದ ಕೀಲಿಕೈ

ಕಾರನ್ನು ಮನೆಗೆ ತಂದ ಸಂಜೆಯೇ ಹೊಸ ಬ್ಯಾಟರಿ ಜೋಡಿಸಿ ಎಂಜಿನ್ ಓಡಿಸಿ ನೋಡುವ ಆಸೆ ಸಹಜ. ದುರಸ್ತಿಯಾಗಬಹುದಾಗಿದ್ದ ಎಂಜಿನ್ ಹಾಳಾಗುವುದು ಸಾಮಾನ್ಯವಾಗಿ ಆ ಸಂಜೆಯಲ್ಲಿಯೇ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಆಯಿಲ್ ಸಂಪೂರ್ಣ ಕೆಳಗಿಳಿದು ಬೇರಿಂಗುಗಳು ಒಣಗಿರುತ್ತವೆ. ಸಿಲಿಂಡರಿನ ಒಳಮೈಗೆ ತೆಳುವಾದ ತುಕ್ಕು ಹಿಡಿದು ಪಿಸ್ಟನ್ ರಿಂಗುಗಳು ಅಂಟಿಕೊಂಡಿರುತ್ತವೆ. ಸ್ಟಾರ್ಟರಿನ ಬಲದಿಂದ ತಿರುಗಿಸಿದರೆ ರಿಂಗು ಮುರಿಯುತ್ತದೆ, ಅಂಟಿದ ವಾಲ್ವಿನಿಂದಾಗಿ ಪುಶ್‌ರಾಡ್ ಬಾಗುತ್ತದೆ.

ಸರಿಯಾದ ಕ್ರಮ ನಿಧಾನವಾದುದು. ನಾಲ್ಕೂ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳುವಾದ ಎಣ್ಣೆ ಬಿಟ್ಟು ಕೆಲವು ದಿನ ಕಾಯಬೇಕು. ಮೇಲಿನ ಮುಚ್ಚಳ ತೆರೆದು ರಾಕರ್ ಮತ್ತು ವಾಲ್ವುಗಳಿಗೂ ಎಣ್ಣೆ ಹಾಕಬೇಕು. ಅನಂತರ ಮುಂಭಾಗದ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವಾಗಿ ಅಲುಗಿಸಬೇಕು. ಪೂರ್ಣ ಎರಡು ಸುತ್ತು ತಡೆಯಿಲ್ಲದೆ ತಿರುಗಿದ ಬಳಿಕ ಹಳೆಯ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಪ್ಲಗ್‌ಗಳಿಲ್ಲದೆಯೇ ಸ್ಟಾರ್ಟರಿನಿಂದ ತಿರುಗಿಸಿ, ಮೀಟರಿನಲ್ಲಿ ಆಯಿಲಿನ ಒತ್ತಡ ಕಾಣಿಸುವವರೆಗೂ ಪೆಟ್ರೋಲಿನ ಮಾತನ್ನೇ ಎತ್ತಬಾರದು. ಬ್ಯಾಟರಿ ಜೋಡಿಸುವಾಗ ಇನ್ನೊಂದು ಗಮನ ಅಗತ್ಯ: ಆರಂಭದ ವರ್ಷಗಳ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಕಾರಿನ ಕವಚಕ್ಕೆ ಜೋಡಣೆಯಾಗಿರುತ್ತದೆ. ಈಗಿನ ಪದ್ಧತಿಗೆ ಒಗ್ಗಿದ ಮೆಕ್ಯಾನಿಕ್ಕರು ತಿರುವುಮುರುವಾಗಿ ಜೋಡಿಸುವ ಸಂಭವವುಂಟು.

ಇಂಧನದ ಭಾಗದಲ್ಲಿ ಹಳೆಯ ಪೆಟ್ರೋಲು ಆರಿ ಅಂಟಿನಂತಾಗಿ ಎರಡೂ ಎಸ್.ಯು. ಕಾರ್ಬ್ಯುರೇಟರುಗಳನ್ನು ಕಟ್ಟಿಸಿರುತ್ತದೆ. ಟ್ಯಾಂಕು ಹಿಂಬದಿಯ ಡಿಕ್ಕಿಯ ತಳಕ್ಕೆ ಒತ್ತಿಕೊಂಡಿರುವುದರಿಂದ ನಡುವಿನ ಸಂದಿಯಲ್ಲಿ ತೇವ ನಿಂತು ಮೇಲ್ಮೈಯಲ್ಲಿ ತೂತಾಗುತ್ತದೆ. ಅರ್ಧ ತುಂಬಿಸಿದಾಗ ಸೋರದ ಟ್ಯಾಂಕು ಪೂರ್ತಿ ತುಂಬಿಸಿದಾಗ ಸೋರುವುದು ಹೀಗೆ. ರಬ್ಬರ್ ಹೋಸುಗಳನ್ನು ಪರೀಕ್ಷಿಸುತ್ತ ಕೂರದೆ ಎಲ್ಲವನ್ನೂ ಬದಲಿಸುವುದೇ ಲೇಸು. ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ 2021ರಿಂದ ಎಥನಾಲ್ ಪ್ರಮಾಣ ಶೇ. 10ರವರೆಗೆ ಏರಿದ್ದು, ಹಳೆಯ ಕಾಲದ ರಬ್ಬರನ್ನು ಅದು ಮೆತ್ತಗಾಗಿಸುತ್ತದೆ.

ಎಂಜಿನ್ ಓಡಿದರೂ ಕಾರು ಚಲಿಸುವ ಮುನ್ನ ಬ್ರೇಕಿನ ಕೆಲಸ ಮುಗಿದಿರಲೇಬೇಕು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಗುಣದ್ದು. ಆ ನೀರು ಸಿಲಿಂಡರುಗಳೊಳಗೆ ತುಕ್ಕು ಹಿಡಿಸುತ್ತದೆ. ಹೊರಗೆ ಚೆನ್ನಾಗಿ ಕಾಣುವ ಹೋಸು ಒಳಗೆ ಊದಿಕೊಂಡು, ಒತ್ತಿದ ಬ್ರೇಕನ್ನು ಬಿಡದಂತೆ ಹಿಡಿದಿಡುತ್ತದೆ. ಹಳೆಯ ಎಂ.ಜಿ.ಬಿ.ಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಸರಣಿಯ ಕೊಳವೆಗಳಿದ್ದು, ಎಲ್ಲಿಯಾದರೂ ಒಂದು ಕಡೆ ಒಡೆದರೆ ಪೂರ್ತಿ ಬ್ರೇಕೇ ಇಲ್ಲವಾಗುತ್ತದೆ. ಇಲ್ಲಿ ಉಳಿತಾಯದ ಯೋಚನೆ ಸಲ್ಲದು. ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡಿದ್ದರೆ ಅದನ್ನು ಉಪಾಯದಿಂದ ಬಿಡಿಸಲು ಯತ್ನಿಸಬಹುದು. ಬದಲಿಸಬೇಕಾದರೆ ಎಂಜಿನ್ನನ್ನೇ ಹೊರತೆಗೆಯಬೇಕಾಗುತ್ತದೆ. ಟೈರುಗಳಲ್ಲಿ ಎಳೆ ಎಷ್ಟೇ ಉಳಿದಿರಲಿ, ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನ ಟೈರು.

ಬಿಡಿಭಾಗಗಳ ಉದ್ಯಮ

ಸಣ್ಣ ಉದ್ದಿಮೆದಾರರಿಗೆ ಈ ಪ್ರಕರಣದ ಹೆಚ್ಚು ಉಪಯುಕ್ತ ಭಾಗ ಇದೇ ಇರಬಹುದು. 1980ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಎಂ.ಜಿ.ಬಿ. ಕ್ರಮೇಣ ಗುಜರಿಗೆ ಸೇರಬೇಕಾಗಿತ್ತು. ಹಾಗಾಗಲಿಲ್ಲ. 1975ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆಯು ಹಳೆಯ ಪ್ರೆಸ್ ಅಚ್ಚುಗಳನ್ನು ಹುಡುಕಿ ಕಲೆಹಾಕಿ, 1988ರಲ್ಲಿ ಎಂ.ಜಿ.ಬಿ.ಯ ಸಂಪೂರ್ಣ ಕವಚವನ್ನೇ ಹೊಸದಾಗಿ ತಯಾರಿಸತೊಡಗಿತು. ತುಕ್ಕು ಹಿಡಿದ ಕಾರಿನ ಎಂಜಿನ್, ಗೇರ್‌ಬಾಕ್ಸ್, ಚಕ್ರ, ಆಸನಗಳನ್ನು ಹೊಸ ಕವಚಕ್ಕೆ ವರ್ಗಾಯಿಸುವುದು ಸಾಧ್ಯವಾಯಿತು. ತುಂಡು ತುಂಡಾಗಿ ಬೆಸುಗೆ ಹಾಕಿಸುವ ಖರ್ಚನ್ನು ಇನ್ನು ಮುಂದೆ ಒಂದು ನಿಶ್ಚಿತ ಬೆಲೆಯೊಡನೆ ತುಲನೆ ಮಾಡಬಹುದಾಗಿತ್ತು. ಈ ಕವಚದ ಆಧಾರದ ಮೇಲೆಯೇ ರೋವರ್ ಕಂಪನಿ 1990ರ ದಶಕದ ಮೊದಲ ಭಾಗದಲ್ಲಿ ಆರ್.ವಿ.8 ಎಂಬ ಹೊಸ ಕಾರನ್ನು ಹೊರತಂದಿತು. ತಯಾರಾದ ಸುಮಾರು 2,000 ಕಾರುಗಳಲ್ಲಿ ಬಹುಪಾಲು ಜಪಾನಿಗೆ ಮಾರಾಟವಾದವು. ಅಮೆರಿಕದಲ್ಲಿ 1948ರಲ್ಲಿಯೇ ಆರಂಭವಾದ ಮಾಸ್ ಮೋಟರ್ಸ್‌ನಂತಹ ಸಂಸ್ಥೆಗಳು ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಬಿಡಿಭಾಗಗಳನ್ನೇ ತಮ್ಮ ವ್ಯವಹಾರವನ್ನಾಗಿಸಿಕೊಂಡಿವೆ.

ಇದರ ಪರಿಣಾಮ ಕೊಳ್ಳುವವನ ಲೆಕ್ಕದ ಮೇಲೆಯೂ ಆಗುತ್ತದೆ. ಹೆಚ್ಚು ವಿರಳವಾದ ಕಾರಿಗೆ ಗೌರವ ಹೆಚ್ಚು, ಆದರೆ ಒಂದು ದೀಪದ ಗಾಜಿಗಾಗಿ ವರ್ಷ ಕಾಯಬೇಕಾಗಬಹುದು. ಎಂ.ಜಿ.ಬಿ.ಗೆ ಗ್ಯಾಸ್ಕೆಟ್ಟಿನಿಂದ ಬಾಗಿಲಿನವರೆಗೆ ಎಲ್ಲವೂ ಬೆಲೆಪಟ್ಟಿಯಲ್ಲಿ ದೊರೆಯುತ್ತದೆ. ಆದ್ದರಿಂದ ಅದರ ದುರಸ್ತಿ ವೆಚ್ಚವನ್ನು ಮುಂಗಡವಾಗಿ ಅಂದಾಜು ಮಾಡಲು ಸಾಧ್ಯ. ಇಷ್ಟಾದರೂ ಬಿಡಿಭಾಗಗಳ ಗುಣಮಟ್ಟ ಒಂದೇ ಸಮನಾಗಿರುವುದಿಲ್ಲ; ಅಗ್ಗದ ರಬ್ಬರ್ ಭಾಗಗಳು ಎರಡೇ ವರ್ಷದಲ್ಲಿ ಬಿರಿಯುವುದೆಂಬ ದೂರು ಒಡೆಯರ ವಲಯದಲ್ಲಿ ಸಾಮಾನ್ಯ. ಗುಣಮಟ್ಟಕ್ಕೆ ಬೆಲೆ ತೆರಲು ಸಿದ್ಧರಿರುವ ಗ್ರಾಹಕರು ಈ ಮಾರುಕಟ್ಟೆಯಲ್ಲಿ ಇದ್ದಾರೆಂಬುದನ್ನು ಆ ದೂರೇ ಸೂಚಿಸುತ್ತದೆ.

ಭಾರತದ ಗ್ಯಾರೇಜುಗಳಿಗೆ ಈ ಎಂಜಿನ್ನಿನ ವಂಶ ಅಪರಿಚಿತವಲ್ಲ. ಎಂ.ಜಿ.ಎ. ಕಾರಿನ 1489 ಸಿ.ಸಿ. ಮತ್ತು ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ನುಗಳು ಬಿ.ಎಂ.ಸಿ. ಕಂಪನಿಯ ಬಿ ಸರಣಿಗೆ ಸೇರಿದವು. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿಗೆ ದಶಕಗಳ ಕಾಲ ಅಳವಡಿಸಿದ್ದುದೂ ಅದೇ ಸರಣಿಯ 1489 ಸಿ.ಸಿ. ಎಂಜಿನ್. ಭಾಗಗಳೆಲ್ಲ ಅದಲುಬದಲಾಗುವುದಿಲ್ಲ, ಆದರೆ ಅಂಬಾಸಡರಿನ ಟ್ಯಾಪೆಟ್ ಸರಿಪಡಿಸಿದ ಹಳೆಯ ಮೆಕ್ಯಾನಿಕ್ಕನಿಗೆ ಎಂ.ಜಿ.ಬಿ.ಯ ಎಂಜಿನ್ ಹೊಸ ಪಾಠವೇನಲ್ಲ.

ನಮ್ಮ ದೇಶದಲ್ಲಿ ಇಂತಹ ಕಾರನ್ನು ಇಟ್ಟುಕೊಳ್ಳಬಯಸುವವರು 2021ರ ಜುಲೈ ತಿಂಗಳಿನಲ್ಲಿ ಹೊರಟ ಕೇಂದ್ರ ನಿಯಮಗಳನ್ನು ಓದಿಕೊಳ್ಳಬೇಕು. ಅವುಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಗಣನೀಯ ಮಾರ್ಪಾಡಿಲ್ಲದ ಕಾರನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ; ಅದು 10 ವರ್ಷ ಊರ್ಜಿತವಾಗಿರುತ್ತದೆ, ಮರುನೋಂದಣಿಗೆ 5,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ಇಂಧನ ಮತ್ತು ದುರಸ್ತಿಯಂತಹ ಉದ್ದೇಶಗಳಿಗೆ ಮಾತ್ರ ಅದನ್ನು ರಸ್ತೆಗೆ ಇಳಿಸಬಹುದು. ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಹೊರದೇಶದಿಂದ ತರಿಸುವುದಾದರೆ ಆಮದು ನಿಯಮ ಮತ್ತು ಸುಂಕದ ಮೊತ್ತವನ್ನು, ಮುಂಗಡ ಹಣ ಕಳುಹಿಸುವ ಮೊದಲೇ, ಕಸ್ಟಮ್ಸ್ ಏಜೆಂಟರಿಂದ ಲಿಖಿತವಾಗಿ ಪಡೆದುಕೊಳ್ಳುವುದು ಉಚಿತ.