ಸಾಕುವ ಮಡಿಲು

ಪುಣ್ಯಕೋಟಿಯ ಕತೆ ನಮಗೆಲ್ಲ ಗೊತ್ತು. ಹುಲಿಯ ಹತ್ತಿರ ಹೋಗುವ ಮುಂಚೆ ಆ ಹಸು ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿತು. ತಾಯಿ ಇಲ್ಲದ ಹೊತ್ತಿನಲ್ಲಿ ಕರುವನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ!

ನಮ್ಮ ನಡುವೆಯೂ ಹೆತ್ತವರಿಲ್ಲದ ಮಕ್ಕಳಿದ್ದಾರೆ. ಕೆಲವರಿಗೆ ಹೆತ್ತವರಿದ್ದರೂ ಕಾಯಿಲೆ, ಕುಡಿತ, ಜೈಲು ಅಂತ ಮಕ್ಕಳನ್ನು ನೋಡಿಕೊಳ್ಳಲು ಆಗುವುದಿಲ್ಲ. ಇಂಥ ಮಕ್ಕಳು ಬಾಲಮಂದಿರ ಸೇರುತ್ತಾರೆ. ಅಲ್ಲಿ ಊಟ, ಬಟ್ಟೆ ಸಿಗುತ್ತದೆ. ಆದರೆ ಮನೆ ಅಂತ ಒಂದು ಬೇಡವೇ?

ಇದಕ್ಕೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ದಾರಿ ಇದೆ. ಅಂಥ ಮಗುವನ್ನು ಬೇರೆ ಮನೆಯವರು ಸಾಕಬಹುದು. ಇದು ದತ್ತು ಅಲ್ಲ. ದತ್ತು ಪಡೆದರೆ ಮಗು ಎಂದೆಂದಿಗೂ ನಮ್ಮದು. ಇಲ್ಲಿ ಹಾಗಲ್ಲ. ಹೆತ್ತವರ ಸ್ಥಿತಿ ಸುಧಾರಿಸಿದರೆ ಮಗು ಅವರ ಬಳಿಗೆ ಮರಳಬಹುದು.

“ಆಗ ಕರುಳು ಚುರ್ ಅನ್ನಲ್ವಾ?” ಅಂತ ನೀವು ಕೇಳಬಹುದು. ಅನ್ನುತ್ತದೆ. ಬಾಣಂತನಕ್ಕೆ ಬಂದ ಮಗಳು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಾಗಲೂ ಅನ್ನುತ್ತದೆ. ಹಾಗಂತ ನಾವು ಬಾಣಂತನ ಮಾಡದೆ ಇರ್ತೀವಾ?

ಕೆಲವು ಮಕ್ಕಳಿಗೆ ಹೆಚ್ಚಿನ ಆರೈಕೆ ಬೇಕು. ಒಬ್ಬರಿಗೆ ಕಿವಿ ಕೇಳುವುದಿಲ್ಲ. ಒಬ್ಬರ ಕಲಿಕೆ ನಿಧಾನ. ಇನ್ನು ಕೆಲವರು ಏಟು ತಿಂದು ನೊಂದವರು. ಅವರು ರಾತ್ರಿ ಬೆಚ್ಚಿ ಚೀರಬಹುದು. ಹಾಸಿಗೆ ಒದ್ದೆ ಮಾಡಬಹುದು. ರೊಟ್ಟಿ ಬಚ್ಚಿಡಬಹುದು. ಇದು ಕಳ್ಳತನ ಅಲ್ಲ. ನಾಳೆ ಊಟ ಸಿಗುತ್ತದೋ ಇಲ್ಲವೋ ಎಂಬ ಭಯ. ಹೊಡೆದರೆ ಭಯ ಹೆಚ್ಚುತ್ತದೆ. ದಿನಾಲೂ ಹೊತ್ತಿಗೆ ಸರಿಯಾಗಿ ತಟ್ಟೆ ಇಟ್ಟರೆ ಭಯ ಮೆಲ್ಲಗೆ ಇಳಿಯುತ್ತದೆ.

ಪ್ರೀತಿ ಬೇಕು. ಪ್ರೀತಿಯೊಂದೇ ಸಾಲದು. ತಿಳಿದವರ ನೆರವೂ ಬೇಕು. ಕಿವಿ ಪರೀಕ್ಷೆ, ಮಾತಿನ ತರಬೇತಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಸಿಗುತ್ತದೆ. ನೊಂದ ಮನಸ್ಸಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಇದೆ.

ಮಗುವನ್ನು ಸಾಕಲು ಏನು ಮಾಡಬೇಕು?

ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು. ಅವರು ಮನೆಗೆ ಬಂದು ವಿಚಾರಿಸುತ್ತಾರೆ. ಮಕ್ಕಳ ಕಲ್ಯಾಣ ಸಮಿತಿ ಆದೇಶ ಕೊಡುತ್ತದೆ. ಆಮೇಲೆ ತಿಂಗಳಿಗೊಮ್ಮೆ ಮಗು ಹೇಗಿದೆ ಅಂತ ನೋಡಬೇಕೆಂದು ಕಾಯ್ದೆ ಹೇಳುತ್ತದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿನ ಖರ್ಚಿಗೆ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಿದ್ದಾರೆ. ಗಂಡ ಇಲ್ಲದವರು, ಮದುವೆಯಾಗದವರು ಕೂಡ ಅರ್ಜಿ ಹಾಕಬಹುದು. 2024ರ ಮಾರ್ಗಸೂಚಿ ಇದಕ್ಕೆ ಅವಕಾಶ ಕೊಟ್ಟಿದೆ.

ಒಂದು ಎಚ್ಚರಿಕೆ. ಬಡವರ ಮಗುವನ್ನು ಮನೆಗೆಲಸಕ್ಕೆ ತಂದಿಟ್ಟುಕೊಂಡು “ನಾವೇ ಸಾಕ್ತಾ ಇದೀವಿ” ಅನ್ನುವವರುಂಟು. ಅದು ಸಾಕುವುದಲ್ಲ, ದುಡಿಸಿಕೊಳ್ಳುವುದು. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಅಂಥದ್ದು ಕಂಡರೆ 1098ಕ್ಕೆ ಫೋನ್ ಮಾಡೋಣ. ಸುಮ್ಮನಿರುವುದು ಬೇಡ.

ಚರ್ಚಿಸೋಣ

1. ಸಾಕುವುದಕ್ಕೂ ದತ್ತು ಪಡೆಯುವುದಕ್ಕೂ ಏನು ವ್ಯತ್ಯಾಸ?
2. ಮಗು ರೊಟ್ಟಿ ಬಚ್ಚಿಟ್ಟರೆ ನಾವೇನು ಮಾಡಬೇಕು?
3. ನಮ್ಮ ಊರಿನಲ್ಲಿ ಆಸರೆ ಬೇಕಾದ ಮಗು ಇದೆಯೇ? ಯಾರಿಗೆ ತಿಳಿಸೋಣ?