ಎಷ್ಟು ಇಂಟರ್‌ವ್ಯೂಗೆ ಹೆಸರು ಕೊಡಬೇಕು?

ಜನವರಿ ದಾಟಿತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಬಿ.ಕಾಂ. ಕೊನೆಯ ವರ್ಷದವರು, ಧಾರವಾಡ–ಹುಬ್ಬಳ್ಳಿಯಲ್ಲಿ ಎಂ.ಕಾಂ., ಎಂಬಿಎ ಓದುವ ನಮ್ಮ ಕಡೆಯ ಮಕ್ಕಳು ಎಲ್ಲರೂ ಕೇಳುವುದು ಒಂದೇ: ‘ಸರ್, ಬಂದಷ್ಟೂ ಕಂಪನಿಗೆ ಹೆಸರು ಕೊಡ್ಲೇನ್ರಿ?’

ಬೇಡ. ಹತ್ತು ಕಂಪನಿ ಬಂದರೆ ನಾಲ್ಕೈದು ಸಾಕು.

ಇಂಟರ್‌ವ್ಯೂ ಪುಕ್ಕಟೆ ಎಂದು ನಂಬಿದವರೇ ಹೆಚ್ಚು. ತಾಲ್ಲೂಕಿನ ಕಾಲೇಜಿಗೆ ಹಣಕಾಸು ಕಂಪನಿಗಳು ಬರುವುದು ಅಪರೂಪ. ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಪೂಲ್ ಕ್ಯಾಂಪಸ್ ಅಂತ ಇಡುತ್ತಾರೆ, ನಾವೇ ಅಲ್ಲಿಗೆ ಹೋಗಬೇಕು. ಹಾನಗಲ್‌ಗೆ, ಹಿರೇಕೆರೂರಿಗೆ ರೈಲಿಲ್ಲ. ಸವಣೂರಿನವರು ರೈಲು ಹಿಡಿಯಬೇಕೆಂದರೆ ಮೊದಲು ಯಲವಿಗಿಗೆ ಹೋಗಬೇಕು. ನಸುಕಿನ ಬಸ್ಸು, ನಾಷ್ಟಾ, ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಬಸ್ ಸ್ಟ್ಯಾಂಡಿನಿಂದ ಆಟೊ, ಮಧ್ಯಾಹ್ನದ ಊಟ ಎಲ್ಲ ಕೂಡಿಸಿದರೆ ನನ್ನ ಅಂದಾಜಿನಲ್ಲಿ ಐನೂರಕ್ಕೆ ಕಡಿಮೆ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಳಿಯಿತು, ಒಳ್ಳೆಯದೇ ಆಯಿತು. ಆದರೆ ದಿನ ಉಳಿಯಲಿಲ್ಲ. ಸವಣೂರಿನ ಎಲೆ ತೋಟದವರ ಮನೆಯಲ್ಲಿ ಮಗ ಒಂದು ದಿನ ಹೊರಗೆ ಹೋದರೆ ಅವನ ಬದಲಿಗೆ ಆಳು ಹಚ್ಚಬೇಕು. ಆ ಕೂಲಿಯನ್ನೂ ಇಂಟರ್‌ವ್ಯೂ ಖರ್ಚಿಗೇ ಬರೆಯಬೇಕಲ್ಲವೇ?

ಇದಕ್ಕಿಂತ ದೊಡ್ಡ ಖರ್ಚು ಇನ್ನೊಂದಿದೆ. ನಮ್ಮ ಕಡೆ ಕಾಮರ್ಸ್ ಓದಿದವರ ಮನಸ್ಸಿನಲ್ಲಿ ಇರುವುದು ಬ್ಯಾಂಕ್ ನೌಕರಿ, ಅದರಲ್ಲೂ ಗ್ರಾಮೀಣ ಬ್ಯಾಂಕು. ಧಾರವಾಡದಲ್ಲಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಇನ್ನೊಂದು ಗ್ರಾಮೀಣ ಬ್ಯಾಂಕಿನ ಜೊತೆ ಸೇರಿ, ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಒಂದೇ ಬ್ಯಾಂಕಾಗಿದೆ. ಅಲ್ಲಿನ ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ಐಬಿಪಿಎಸ್ ಪರೀಕ್ಷೆ ಬರೆಯಬೇಕು, ಕನ್ನಡ ಬರಬೇಕು. ಇಂಟರ್‌ವ್ಯೂ ಮಾತ್ರ ಇಲ್ಲವೇ ಇಲ್ಲ! ಎಲ್ಲಕ್ಕಿಂತ ಹೆಚ್ಚು ಬೇಕಾದ ನೌಕರಿಗೆ ಬೇಕಿರುವುದು ಓದುವ ದಿನಗಳು. ಆ ದಿನಗಳನ್ನೇ ಬೇಡದ ಕಂಪನಿಗಳ ಪಡಸಾಲೆಯಲ್ಲಿ ಕಾಯುತ್ತ ಕಳೆಯುವವರನ್ನು ಪ್ರತಿ ವರ್ಷ ನೋಡುತ್ತೇನೆ.

ನಾನು ಧಾರವಾಡದಲ್ಲಿ ಎಂ.ಕಾಂ. ಓದುವಾಗ ಇದೇ ಗೊಂದಲ ಇತ್ತು. ನೋಟಿಸ್ ಬೋರ್ಡಿನ ಪಟ್ಟಿ ಬರೆದುಕೊಂಡು ಹಾನಗಲ್ ತಾಲ್ಲೂಕಿನ ನಮ್ಮೂರಿಗೆ ಹೋಗಿ ಅಪ್ಪನ ಮುಂದೆ ಓದಿದೆ. ಅಪ್ಪ ಕಂಪನಿಗಳ ಹೆಸರು ಕೇಳಿದವನಲ್ಲ. ಗೋವಿನಜೋಳದ ಚೀಲಕ್ಕೆ ಹೊಲಿಗೆ ಹಾಕುತ್ತಲೇ ಕೇಳಿದ: ‘ಇದ್ರಾಗ ಯಾವ್ಯಾವ್ದು ಕರದ್ರ ಹೊಕ್ಕಿ?’ ನಾಲ್ಕು ಹೆಸರು ಹೇಳಿದೆ. ‘ಕರದ್ರೂ ಹೋಗಾಂವಲ್ಲಂದ್ರ ಬಸ್ ಚಾರ್ಜ್ ಯಾಕ ಕೊಡ್ತಿ?’ ಅಂದ. ಆ ನಾಲ್ಕಕ್ಕೆ ಒಂದು ಸೇರಿಸಿಕೊಂಡೆ, ಬರೀ ಅಭ್ಯಾಸಕ್ಕೆ. ಅಪ್ಪನಿಗೆ ಅದನ್ನು ಹೇಳಲಿಲ್ಲ.

ಆ ಒಂದು ಸೇರಿಸಿದ್ದು ಸರಿಯಾಯಿತೆಂದೇ ಈಗಲೂ ಅನ್ನುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂಬ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಗಂಟಲು ಒಣಗುತ್ತದೆ. ಸವಕಳಿಯ ಜರ್ನಲ್ ಎಂಟ್ರಿ ಹೇಳಿ ಅಂದರೆ ಕನ್ನಡದಲ್ಲಿ ಪಕ್ಕಾ ಗೊತ್ತಿರುತ್ತದೆ, ಇಂಗ್ಲಿಷಿನಲ್ಲಿ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂದೇ ಮರೆತುಹೋಗುತ್ತದೆ. ಈ ಭಯ ಬೇಡದ ಕಂಪನಿಯಲ್ಲೇ ಹೋಗಲಿ. ಅದಕ್ಕೆ ಒಂದು ಸಾಕು, ಹೆಚ್ಚೆಂದರೆ ಎರಡು.

ಗಣಿತ ಬಲ್ಲವರು ಇದಕ್ಕೆ ಬೇರೆ ಉತ್ತರ ಕೊಡುತ್ತಾರೆ. ಮಾರ್ಟಿನ್ ಗಾರ್ಡ್ನರ್ 1960ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಜನರಿಗೆ ಪರಿಚಯಿಸಿದ ಒಂದು ಸಮಸ್ಯೆ ಇದೆ. ಹತ್ತು ಅವಕಾಶಗಳು ಒಂದಾದ ಮೇಲೊಂದು ಬರುತ್ತವೆ, ಬಿಟ್ಟದ್ದು ತಿರುಗಿ ಸಿಗುವುದಿಲ್ಲ. ಆಗ ಮೊದಲ ಮೂರನ್ನು ಅಳತೆಗೆಂದು ನೋಡಿ ಬಿಡಬೇಕು, ಆ ಮೇಲೆ ಆ ಮೂರನ್ನೂ ಮೀರಿಸುವ ಮೊದಲನೆಯದನ್ನು ಹಿಡಿಯಬೇಕು. ಹಾಗೆ ಮಾಡಿದರೆ ಹತ್ತರಲ್ಲಿ ಅತ್ಯುತ್ತಮವಾದದ್ದೇ ಸಿಗುವ ಸಾಧ್ಯತೆ ನೂರಕ್ಕೆ ಸುಮಾರು 40. ಲೆಕ್ಕ ಚೆಂದ. ಆದರೆ ಅತ್ಯುತ್ತಮವಾದದ್ದು ಆ ಮೊದಲ ಮೂರರಲ್ಲೇ ಇದ್ದುಬಿಟ್ಟರೆ? ಅದರ ಸಾಧ್ಯತೆ ನೂರಕ್ಕೆ 30. ಆಗ ಕೊನೆಯ ಕಂಪನಿ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳಬೇಕಾಗುತ್ತದೆ. ಇನ್ನೊಂದು ತೊಡಕೆಂದರೆ, ಈ ಲೆಕ್ಕದಲ್ಲಿ ನೀವು ಹೂಂ ಅಂದ ಕೂಡಲೇ ನೌಕರಿ ನಿಮ್ಮದು. ಹುಬ್ಬಳ್ಳಿಯ ಪೂಲ್ ಕ್ಯಾಂಪಸ್ಸಿನಲ್ಲಿ ಮೊದಲು ಹೂಂ ಅನ್ನಬೇಕಾದವರು ಅವರು. ಸಾಲ ಮಾಡಿ ಓದಿಸಿದ ಮನೆಯ ಹುಡುಗ ಸಿಕ್ಕ ನೌಕರಿಯನ್ನು ಅಳತೆಗೆಂದು ಬಿಡುವುದು ನನಗೆ ಒಪ್ಪುವ ಮಾತಲ್ಲ.

ಪಟ್ಟಿಯನ್ನು ಮೊಟಕು ಮಾಡಲು ಗಣಿತಕ್ಕಿಂತ ಸಂಬಳದ ಚೀಟಿಯೇ ಹೆಚ್ಚು ನೆರವಾಗುತ್ತದೆ. ವರ್ಷಕ್ಕೆ ಮೂರು ಲಕ್ಷ ಸಿಟಿಸಿ ಅಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆಂದು ಊರಲ್ಲೆಲ್ಲ ಹೇಳಿಕೊಂಡು ಬರುವವರಿದ್ದಾರೆ. ಮೂಲ ವೇತನ 12,500, ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ಭಾಗ 2,000 ಅಂತಿಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್, ಇಎಸ್‌ಐ, ಗ್ರಾಚ್ಯುಟಿ ಎಲ್ಲ ಆ 25,000ದ ಒಳಗೇ ಕೂತಿರುತ್ತವೆ. ನಿಮ್ಮ ಪಾಲಿನ ಪಿಎಫ್ ನೂರಕ್ಕೆ 12, ಇಎಸ್‌ಐ ನೂರಕ್ಕೆ ಮುಕ್ಕಾಲು ಬೇರೆ ಹೋಗುತ್ತದೆ. ಕೊನೆಗೆ ಕೈಗೆ ಉಳಿಯುವುದು ಸುಮಾರು 18,500. ಬೆಂಗಳೂರಿನ ರಾತ್ರಿ ಪಾಳಿಯ ಅಕೌಂಟ್ಸ್ ಕೆಲಸವಾದರೆ ಅದರಲ್ಲಿ ಪಿಜಿ ಬಾಡಿಗೆ, ಊಟ, ಹಬ್ಬಕ್ಕೆ ಊರಿಗೆ ಬರುವ ಖರ್ಚು ಕಳೆಯಿರಿ. ಶಿಗ್ಗಾವಿ ಶಾಖೆಯಲ್ಲಿ 15,000 ಕೊಡುವ ಕೆಲಸ, ಮನೆಯ ರೊಟ್ಟಿ ತಿಂದು ಹೋಗಿಬರುವಂಥದ್ದು, ಆಗ ಪಟ್ಟಿಯಲ್ಲಿ ಮೇಲೇರುತ್ತದೆ.

ಊರ ಹತ್ತಿರದ ಕೆಲಸಗಳಲ್ಲೂ ಒಂದನ್ನು ಕೇಳಿಯೇ ಹೋಗಬೇಕು. ‘ಬೈಕ್ ಐತೇನ್ರಿ? ಲೈಸೆನ್ಸ್ ಐತೇನ್ರಿ?’ ಎಂದು ಮೊದಲೇ ಕೇಳುವ ಕಂಪನಿಯಾದರೆ ಅದು ಕಲೆಕ್ಷನ್ ಕೆಲಸ, ಪದನಾಮ ಏನೇ ಇರಲಿ. ಪೆಟ್ರೋಲಿಗೆ ಯಾರು ಕೊಡುತ್ತಾರೆ, ವಾರಕ್ಕೆ ಎಷ್ಟು ಹಳ್ಳಿ ತಿರುಗಬೇಕು ಎಂದು ತಿಳಿದುಕೊಳ್ಳಿ. ಕಿರು ಸಾಲದ ವಸೂಲಿಯ ಕಿರುಕುಳ ಹೆಚ್ಚಾಗಿ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನಿಮ್ಮ ಓಣಿಯ ಅವ್ವಂದಿರ ಮನೆ ಬಾಗಿಲಲ್ಲಿ ಕಂತಿಗಾಗಿ ನಿಲ್ಲಲು ಮನಸ್ಸಿಲ್ಲದಿದ್ದರೆ ಆ ಇಂಟರ್‌ವ್ಯೂಗೆ ಹೆಸರು ಕೊಡಬೇಡಿ. ಆ ಕೆಲಸ ಮಾನದಿಂದ ಮಾಡುವವರೂ ಇದ್ದಾರೆ, ಅವರನ್ನು ನಾನು ಬಲ್ಲೆ. ನಿಮಗೆ ಆಗುತ್ತದೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಇನ್ನು ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ, ಟ್ರೇನಿಂಗ್‌ಗೆ ಡಿಪಾಸಿಟ್ ಕಟ್ಟಿ ಅನ್ನುವ ಕಂಪನಿಗಳ ಹೆಸರಿನ ಮೇಲೆ ಗೆರೆ ಎಳೆಯಿರಿ. ಅದಕ್ಕೆ ಯೋಚನೆಯೂ ಬೇಡ.

ಈಗ ನಾನು ಮೇಜಿನ ಆ ಕಡೆ ಕೂರುತ್ತೇನೆ. ವಾರದಲ್ಲಿ ನಾಲ್ಕನೆಯ ಇಂಟರ್‌ವ್ಯೂಗೆ ಬಂದವರು ಗೊತ್ತಾಗಿಬಿಡುತ್ತಾರೆ. ನಮ್ಮ ಕಂಪನಿಗೆ ಯಾಕೆ ಬರಬೇಕೆಂದಿದ್ದೀರಿ ಎಂದರೆ ನಿನ್ನೆ ಹೋಗಿದ್ದ ಕಂಪನಿಯ ಹೆಸರು ಹೇಳುತ್ತಾರೆ. ಫೈಲಿನ ಮೇಲಿನ ಅರ್ಜಿಯೂ ಅದರದ್ದೇ. ಪಾಪ, ಬುದ್ಧಿವಂತರೇ, ದಣಿದಿರುತ್ತಾರೆ ಅಷ್ಟೆ. ವಾರಕ್ಕೆ ಎರಡರ ಮೇಲೆ ಬೇಡ ಎಂದು ನಾನು ಹೇಳುವುದು ಇದಕ್ಕೇ. ಪ್ರತಿ ಇಂಟರ್‌ವ್ಯೂ ಹಿಂದೆ ಒಂದು ದಿನ ಆ ಕಂಪನಿ ಏನು ಮಾರುತ್ತದೆ, ಲಾಭ ಎಲ್ಲಿಂದ ಬರುತ್ತದೆ ಎಂದು ಓದಲು ಬೇಕೇ ಬೇಕು.

ಕೈಗೆ ಒಂದು ಆಫರ್ ಬಂದ ಮೇಲೆ ಲೆಕ್ಕ ಬದಲಾಗುತ್ತದೆ. ಅದಕ್ಕಿಂತ ಖಂಡಿತ ಮೇಲಾದದ್ದಕ್ಕೆ ಮಾತ್ರ ಹೋಗಿ. ಒಬ್ಬರಿಗೆ ಒಂದೇ ಆಫರ್ ಎಂಬ ನಿಯಮ ಹಲವು ಕಾಲೇಜುಗಳಲ್ಲಿದೆ, ನಿಮ್ಮಲ್ಲಿ ಹೇಗೆಂದು ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರನ್ನು ಕೇಳಿಕೊಳ್ಳಿ. ಎರಡು ಆಫರ್‌ಗೂ ಹೂಂ ಅಂದು ಕೆಲಸಕ್ಕೆ ಸೇರುವ ದಿನ ಫೋನ್ ಬಂದ್ ಮಾಡುವವರಿಂದ ಪೆಟ್ಟು ಬೀಳುವುದು ಮುಂದಿನ ಬ್ಯಾಚಿಗೆ. ತಾಲ್ಲೂಕಿನ ಮಕ್ಕಳನ್ನು ಕರೆಯುವ ಕಂಪನಿಗಳೇ ಕಡಿಮೆ, ಅವುಗಳಲ್ಲಿ ಒಂದು ಮುಂದಿನ ವರ್ಷ ಈ ಕಡೆ ತಲೆ ಹಾಕದಿದ್ದರೆ ನಷ್ಟ ನಿಮ್ಮ ತಂಗಿಗೋ ತಮ್ಮನಿಗೋ.

ಆದ್ದರಿಂದ ಹೆಸರು ಕೊಟ್ಟು ಮನಸ್ಸು ಬದಲಾದರೆ ಹಿಂದಿನ ದಿನ ಸಂಜೆಯೊಳಗೆ ಮೇಷ್ಟ್ರಿಗೆ ಒಂದು ಫೋನ್ ಮಾಡಿ. ನಿಮ್ಮ ಜಾಗಕ್ಕೆ ಹೋಗಲು ಸಿದ್ಧವಿರುವವರು ನಿಮ್ಮ ತರಗತಿಯಲ್ಲೇ ಇದ್ದಾರೆ, ಅವರಿಗೆ ನಸುಕಿನ ಬಸ್ಸು ಹಿಡಿಯಲು ಅಷ್ಟು ಹೊತ್ತಾದರೂ ಬೇಕು.